ಶಾಂಘೈ ಇಟ್ಟಿಗೆಯ ಚೂರು

ಉಷಾರಾಣಿಯವರಿಗೆ ಕಸ ಕಂಡರೆ ಕೈ ಸುಮ್ಮನಿರುವುದಿಲ್ಲ. ಬಾಗಲಕೋಟೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಈಗ ಹೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಮಗಳು ಗಾರ್ಗಿಯ ಮನೆಯಲ್ಲಿದ್ದಾರೆ. ತಮ್ಮ ಅಂಗಳ ಗುಡಿಸಿ ಸಾಲದೆ ಪಕ್ಕದ ಮನೆಯ ಎಲೆಯನ್ನೂ ಗುಡಿಸಿ ಬರುವ ಜೀವ ಅದು. ಆ ಪಕ್ಕದ ಮನೆಯಲ್ಲಿರುವವರು ಮಿರಿಯಮ್, ಎಂಬತ್ತೇಳರ ಯಹೂದಿ ಅಜ್ಜಿ. ಮೂರು ವರ್ಷದಿಂದ ಇಬ್ಬರದೂ ಸಂಜೆಯ ಚಹಾ ಒಟ್ಟಿಗೆ, ಮಾತೆಲ್ಲ ಇಂಗ್ಲಿಷಿನಲ್ಲಿ. ಅಜ್ಜಿಯ ಬಗ್ಗೆ ತನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದೇ ಉಷಾರಾಣಿ ನಂಬಿದ್ದರು.

ಮಿರಿಯಮ್ ಬಿದ್ದು ಸೊಂಟ ಮುರಿದುಕೊಂಡು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರು. ಮನೆಗೆ ಬಂದವರೇ ಕೇಳಿದ್ದು ಒಂದೇ ಮಾತು: ಬುಧವಾರ ನನ್ನ ಗಂಡ ತೀರಿಕೊಂಡ ದಿನ, ಗೋರಿಯ ಹತ್ತಿರ ಕರೆದುಕೊಂಡು ಹೋಗುತ್ತೀಯಾ?

ಅಷ್ಟು ಸಾಕಾಯಿತು. ಅಜ್ಜಿಗೆ ಹೇಳದೆ ಮಂಗಳವಾರವೇ ಗಂಡ ಸಿದ್ರಾಮಪ್ಪನವರನ್ನು ಹೊರಡಿಸಿ, ಬಕೆಟ್ಟು, ಬ್ರಷ್ಷು, ಎರಡು ಮೊಳ ಚೆಂಡುಹೂವಿನ ಮಾಲೆ ಹಿಡಿದು ಸ್ಮಶಾನಕ್ಕೆ ಹೋದರು. ನೋಡಿದರೆ ಗೋರಿಯ ಮೇಲೆಲ್ಲ ಕಲ್ಲು! ದೊಡ್ಡದು, ಚಿಕ್ಕದು, ಚೂರು, ಹರಳು.

"ಹುಲ್ಲು ಕೊಯ್ಯಾವ್ರು ಒಟ್ಟಿ ಹೋಗ್ಯಾರ ನೋಡ್ರಿ. ಹೇಳಾವ್ರಿಲ್ಲ, ಕೇಳಾವ್ರಿಲ್ಲ," ಎಂದು ಬೈಯುತ್ತ ಅಷ್ಟನ್ನೂ ರಸ್ತೆಬದಿಯ ಮೋರಿಗೆ ಗುಡಿಸಿದರು.

ಉಷಾರಾಣಿಯವರ ಜನರಲ್ಲೂ ಸತ್ತವರನ್ನು ಹೂಳುವುದೇ ಪದ್ಧತಿ. ಹಿರಿಯರ ಗದ್ದುಗೆಯನ್ನು ತೊಳೆದು, ವಿಭೂತಿ ಬಳಿದು, ಹೂ ಏರಿಸಬೇಕು. ಆದರೆ ಉಷಾರಾಣಿಯವರ ಅವ್ವನ ಗದ್ದುಗೆ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ ಇಪ್ಪತ್ತು ವರ್ಷದ ಮೇಲಾಯಿತು. ತೊಳೆಯಬೇಕೆಂದರೂ ತೊಳೆಯಲು ಏನೂ ಉಳಿದಿಲ್ಲ. ಆ ಹಂಬಲವನ್ನೆಲ್ಲ ಅವರು ಅಂದು ಯಾರದೋ ಗೋರಿಯನ್ನು ತಿಕ್ಕಿ ತೀರಿಸಿಕೊಂಡರು. ಸಂಜೆ ಹೂಸ್ಟನ್ನಿನಲ್ಲಿ ಧೋ ಎಂದು ಮಳೆ ಸುರಿಯಿತು.

ಮರುದಿನ ಗಾಲಿಕುರ್ಚಿಯನ್ನು ತಳ್ಳಿಕೊಂಡು ಹೋಗುವಾಗ ಉಷಾರಾಣಿಯವರ ಮುಖದಲ್ಲಿ ಹೆಮ್ಮೆ ತುಂಬಿತ್ತು. ಮಿರಿಯಮ್ ಹೂವನ್ನು ನೋಡಲೇ ಇಲ್ಲ. ಬರಿದಾದ ಗೋರಿಯ ಮೇಲೆ ಕೈಯಾಡಿಸಿದರು.

"ಕಲ್ಲುಗಳೆಲ್ಲಿ?"

"ಕಸ ಇತ್ತು ಆಂಟಿ. ನಿನ್ನೆ ನಾನೇ ತೆಗೆದೆ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಾವು ಹೂ ಇಡುವುದಿಲ್ಲ ಉಷಾ, ಕಲ್ಲಿಡುತ್ತೇವೆ. ಬಂದಿದ್ದೆ ಎಂದು ಹೇಳುವುದಕ್ಕೆ," ಎಂದು ನಿಧಾನವಾಗಿ ಶುರುಮಾಡಿದರು.

ನಾಜಿಗಳಿಂದ ಓಡುತ್ತಿದ್ದ ಯಹೂದಿಗಳಿಗೆ ಜಗತ್ತಿನ ಬಾಗಿಲುಗಳೆಲ್ಲ ಮುಚ್ಚಿದ್ದಾಗ ಶಾಂಘೈ ಒಂದೇ ತೆರೆದಿತ್ತಂತೆ. ಕೂಸಾಗಿದ್ದ ಮಿರಿಯಮ್‌ಳನ್ನು ಎತ್ತಿಕೊಂಡು ಅಪ್ಪ ಅಮ್ಮ ವಿಯೆನ್ನಾ ಬಿಟ್ಟು ಹಡಗು ಹತ್ತಿದ್ದರು. ಅವಳಿಗೆ ಆರು ತುಂಬುವಷ್ಟರಲ್ಲಿ ಜ್ವರ ಇಬ್ಬರನ್ನೂ ಒಯ್ದಿತು. ಅವರಿದ್ದ ಓಣಿಯ ಚೀನೀ ಹೆಂಗಸು, ಮಿಸೆಸ್ ಝೌ, ತನ್ನ ನಾಲ್ಕು ಮಕ್ಕಳ ನಡುವೆ ಒಂದೇ ದುಪ್ಪಟಿಯಲ್ಲಿ ಇವಳನ್ನೂ ಮಲಗಿಸಿ, ಅಮೆರಿಕದಿಂದ ಸೋದರಮಾವನ ಕಾಗದ ಬರುವವರೆಗೆ ಮೂರು ವರ್ಷ ಸಾಕಿದಳು. ಐವತ್ತು ವರ್ಷದ ನಂತರ ಮಿರಿಯಮ್ ಹುಡುಕಿಕೊಂಡು ಹೋದಾಗ ಹೆತ್ತಮ್ಮನ ಗೋರಿಯೂ ಇರಲಿಲ್ಲ, ಸಾಕಿದಮ್ಮನ ಗೋರಿ ಎಲ್ಲಿದೆಯೆಂದು ಹೇಳುವವರೂ ಇರಲಿಲ್ಲ. ಆ ಓಣಿಯಲ್ಲಿದ್ದ ಸಾಕಿದಮ್ಮನ ಮನೆಯ ಹೊಸಿಲಿನಿಂದ ಬಿದ್ದ ಬೂದು ಇಟ್ಟಿಗೆಯ ಚೂರೊಂದನ್ನು ಎತ್ತಿಕೊಂಡು ಬಂದರು. ಗಂಡ ಹೋದ ಮೇಲೆ ಅವನ ಗೋರಿಯ ಮೇಲೆ ಇಟ್ಟರು.

"ಇಬ್ಬರು ಅಮ್ಮಂದಿರಿಗೂ ನನಗಿದ್ದ ಜಾಗ ಇದೊಂದೇ," ಎಂದರು ಮಿರಿಯಮ್.

ಭೂಮಿ ಬಾಯಿಬಿಟ್ಟರೆ ಸಾಕು ಅನಿಸಿತು ಉಷಾರಾಣಿಯವರಿಗೆ. ಒಂದು ಗದ್ದುಗೆಯನ್ನು ನೀರು ನುಂಗಿತು, ಇನ್ನೊಂದನ್ನು ನನ್ನ ಪೊರಕೆ ನುಂಗಿತಲ್ಲ ಎಂದು ಅವರಿಗೆ ಆ ರಾತ್ರಿ ಅನ್ನ ಸೇರಲಿಲ್ಲ.

ಗುರುವಾರ ಇಡೀ ದಿನ ಗಂಡ ಹೆಂಡತಿ ಮೋರಿಯಲ್ಲಿ ಮೊಣಕಾಲುದ್ದ ಕೆಸರು ತಡಕಿದರು. ಮಳೆಯ ನೀರು ಎಲ್ಲವನ್ನೂ ಎಲ್ಲಿಗೋ ಸಾಗಿಸಿತ್ತು. ಕೊನೆಗೆ ಸಿದ್ರಾಮಪ್ಪನವರು ರಸ್ತೆಯಾಚೆ ಹಳೆ ಮನೆ ಕೆಡವಿದಲ್ಲಿಂದ ಹೊಗೆ ಹಿಡಿದು ಬೂದಿ ಬಣ್ಣವಾಗಿದ್ದ ಒಂದು ಚೂರು ತಂದರು.

"ಪಿಡಬ್ಲ್ಯುಡಿಯೊಳಗ ಜನ್ಮಾ ಎಲ್ಲಾ ಇಟ್ಟಂಗಿ ನೋಡೇನಿ. ಇದು ಅದೇ ಅಂತ ಕೊಡು. ಆಕಿ ಕಣ್ಣಿಗೂ ಪೊರಿ ಬಂದೈತಿ, ಏನ್ ಗೊತ್ತಾಕ್ಕೈತಿ?"

"ಸುಳ್ಳ ಹೇಳ್ಲೇನ್ರಿ?"

"ಮುದುಕಿ ಜೀವ ತಣ್ಣಗಾಗ್ತೈತಿ ಅಂದ್ರ ಅದ್ಯಾತರ ಸುಳ್ಳ?"

ಶುಕ್ರವಾರ ಬೆಳಿಗ್ಗೆ ಉಷಾರಾಣಿ ಅಡುಗೆಮನೆಯ ಮೇಜಿನ ಮೇಲೆ ಚೂರನ್ನು ಇಟ್ಟರು. ಬಾಯಿ ತೆರೆಯುವ ಮೊದಲೇ ಮಿರಿಯಮ್ ಅದನ್ನು ಎರಡೂ ಕೈಯಲ್ಲಿ ಎತ್ತಿ ಕೆನ್ನೆಗೆ ಒತ್ತಿಕೊಂಡರು. ಅದರೊಂದಿಗೆ ಚೀನೀ ಮಾತಿನಲ್ಲಿ ಏನೋ ಹೇಳಿದರು. ಎಂಬತ್ತೇಳರ ಗಂಟಲಿನಿಂದ ಆರು ವರ್ಷದ ಹುಡುಗಿಯ ದನಿ ಬಂತು. ಸುಮ್ಮನಿದ್ದುಬಿಡು, ಸುಮ್ಮನಿದ್ದುಬಿಡು ಎಂದು ಉಷಾರಾಣಿಯವರ ಮನಸ್ಸು ಬಡಿದುಕೊಂಡಿತು. ಆದರೆ ಅಷ್ಟು ಪ್ರೀತಿಯನ್ನು ಮೋಸದಿಂದ ಪಡೆಯಲು ಅವರಿಂದಾಗಲಿಲ್ಲ.

"ಆಂಟಿ, ಇದು ಅದಲ್ಲ. ಅದು ಸಿಗಲಿಲ್ಲ. ಇದು ಇಲ್ಲೇ ಬೀದಿಯಲ್ಲಿ ಬಿದ್ದಿತ್ತು."

ಮಿರಿಯಮ್ ಚೂರನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ಅತ್ತರು. ಉಷಾರಾಣಿ ಎದುರಿಗೆ ಕುಳಿತು ತಾವೂ ಅತ್ತರು. ಒಲೆಯ ಮೇಲಿನ ಚಹಾದ ನೀರು ಕುದಿದು ಕುದಿದು ಬತ್ತಿತು.

"ಮೊದಲ ದಿನ ಮಿಸೆಸ್ ಝೌ ನನ್ನನ್ನು ಊಟಕ್ಕೆ ಕೂರಿಸಿದಾಗ," ಎಂದರು ಕೊನೆಗೆ ಮಿರಿಯಮ್, ಕಣ್ಣೊರೆಸಿಕೊಂಡು, "ಅವಳ ಅತ್ತೆ ಕೂಗಾಡಿದಳು. ಇದು ನಮ್ಮ ಮಗುವಲ್ಲ, ನಮ್ಮ ಮಗುವಲ್ಲ ಎಂದು. ಮಿಸೆಸ್ ಝೌ ಜಗಳವಾಡಲಿಲ್ಲ. ಗೊತ್ತು ಎಂದಳು. ನನ್ನ ಮುಂದೆ ಇನ್ನೊಂದು ಬಟ್ಟಲು ಇಟ್ಟಳು."

ಮಿರಿಯಮ್ ಬೀದಿಯ ಆ ಚೂರನ್ನು ಮತ್ತೆ ಕೈಗೆತ್ತಿಕೊಂಡು, ಅಂಟಿದ್ದ ಮಣ್ಣನ್ನು ಸೆರಗಿಲ್ಲದ ತಮ್ಮ ಉಡುಪಿನ ಅಂಚಿನಿಂದ ಒರೆಸಿದರು.

"ಇದು ಅದಲ್ಲ. ಗೊತ್ತು," ಎಂದರು. "ನಿನ್ನ ಗಂಡನಿಗೆ ಕಾರು ತೆಗೆಯಲು ಹೇಳು."