ತಟ್ಟೆ ತೊಳೆದ ನೀರು

ಹೂವಿನ ವಾಸನೆ — ಕಿಟಕಿ ಹಾಕಿದ್ದರೂ ಒಳಗೆ ಬಂದಿದೆ, ಕಾಫಿ ಹೂವು, ನಿನ್ನೆವರೆಗೆ ಮೊಗ್ಗಾಗಿದ್ದದ್ದು ಇವತ್ತು, ವಾರದ ಹಿಂದೆ ನೀರು ಹೊಡೆದ ತೋಟಗಳಲ್ಲೆಲ್ಲ ಒಟ್ಟಿಗೆ ಬಿರಿದಿರಬೇಕು, ರೆಂಬೆಯುದ್ದಕ್ಕೂ ಬೆಳ್ಳಗೆ, ಯಾರೋ ಅನ್ನ ಚೆಲ್ಲಿಕೊಂಡು ಹೋದ ಹಾಗೆ, ನೋಡು ಶಿವನೇ, ಹೂವು ಅಂದರೂ ನನಗೆ ಅನ್ನವೇ ಕಣ್ಣಿಗೆ ಬರುತ್ತದೆ, ಎಂಟು ದಿನದಿಂದ ಗಂಜಿಯ ತಿಳಿ ಬಿಟ್ಟು ಬೇರೇನೂ ಗಂಟಲಲ್ಲಿ ಇಳಿದಿಲ್ಲ, ಇಳಿಸಬಾರದು ಅಂದಿದ್ದಾರೆ ಡಾಕ್ಟರು, ಕೆಳಗೆ ರಸ್ತೆಯಲ್ಲಿ ಲಾರಿ ಹೋಯಿತು, ಮೇಜಿನ ಮೇಲೆ ಇವರ ತಟ್ಟೆ ಸಣ್ಣಗೆ ನಡುಗಿತು, ಅದರಲ್ಲಿ ಅರ್ಧಕ್ಕರ್ಧ ಹಾಗೇ ಇದೆ, ಅನ್ನ ಸಾರು, ಒಂದು ಮಗ್ಗುಲಲ್ಲಿ ಬೀನ್ಸ್ ಪಲ್ಯ, ಅಂಗಡಿ ಮುಂದೆ ಕಳಸದ ಕಡೆಯ ಜೀಪು ನಿಂತು ಹಾರ್ನ್ ಹೊಡೆದದ್ದೇ ತಡ ಬಂದೆ ಮಾರಾಯ ಅಂತ ಕೈತೊಳೆದು ಇಳಿದೇ ಬಿಟ್ಟರು, ಇನ್ನೂ ನೀರು ಹೊಡೆಯದವರು ಕೆಟ್ಟ ಪಂಪು ಹೊತ್ತುಕೊಂಡು ಬರುವ ಕಾಲ, ಪೈಪು ಪಂಪಿನ ಅಂಗಡಿಗೆ ಇದೇ ಸುಗ್ಗಿ, ಇವರು ಇನ್ನು ಈ ತಟ್ಟೆಗೆ ಬರುವುದಿಲ್ಲ, ನಲವತ್ತು ನಿಮಿಷದ ಮೇಲೆ ಒಂದು ಲೋಟ ಕಾಫಿ ಕಳಿಸು ಅಂತ ಕೆಳಗಿಂದ ಕೂಗುತ್ತಾರೆ ಅಷ್ಟೆ — ಒಂದೂಮುಕ್ಕಾಲು, ಎರಡು ಗಂಟೆಗೆ ಮಂಗಳೂರಿನ ಆಸ್ಪತ್ರೆಯಿಂದ ಫೋನು, ಹೂಂ ಅನ್ನಬೇಕು ಇಲ್ಲ ಉಹೂಂ ಅನ್ನಬೇಕು, ಎರಡರಲ್ಲಿ ಒಂದು, ತೂಕ ಇಳಿಯಲಿ ಅಂತ ಎಂಟು ವರ್ಷದ ಹಿಂದೆ ಹೊಟ್ಟೆಯ ಬಾಯಿಗೆ ಬಿಗಿದ ಬಳೆ ಜಾರಿದೆ, ಸಿಲಿಕೋನಿನ ಬಳೆ, ತಿಂದದ್ದು ಅದರ ಮೇಲೇ ನಿಲ್ಲುತ್ತದೆ, ಎಕ್ಸ್‌ರೇಯಲ್ಲಿ ನಾನೇ ನೋಡಿದೆನಲ್ಲ, ಸುಣ್ಣದ ನೀರಿನಂಥದ್ದನ್ನು ಕುಡಿಸಿ ನಿಲ್ಲಿಸಿದ್ದರು, ಬೆಳ್ಳಗೆ ಒಂದು ಚೀಲ, ಅದರ ಕೆಳಗೆ ಕತ್ತಲೆ, ಬಳೆ ತೆಗೆಯಲೇಬೇಕು ಅಮ್ಮ, ಅದರಲ್ಲಿ ಕೇಳೋದು ಏನಿಲ್ಲ, ತೆಗೆದು ಸುಮ್ಮನೆ ಬಿಡೋದಾ ಅಥವಾ ಅದೇ ಸಲಕ್ಕೆ ಹೊಟ್ಟೆಗೆ ಬೈಪಾಸ್ ಮಾಡೋದಾ ಅನ್ನೋದು ನೀವು ಹೇಳಬೇಕು, ಆಪರೇಷನ್ ಬುಧವಾರ. ಇವತ್ತು ಸೋಮವಾರ.

ಸೋಮವಾರ ಅಪ್ಪನಿಗೆ ಒಂದೇ ಹೊತ್ತು, ಆ ಒಂದು ಹೊತ್ತಿನ ಊಟ ನೋಡುವುದೇ ಒಂದು ಪೂಜೆ ನೋಡಿದ ಹಾಗೆ, ಪರಮೇಶ್ವರಪ್ಪನೋರ ತಟ್ಟೆ ತೊಳೆಯೋಕೆ ನೀರೇ ಬೇಡ ಅಂತ ಊರಲ್ಲಿ ನಗುತ್ತಿದ್ದರು, ಅಪ್ಪ ಅದನ್ನು ಹೊಗಳಿಕೆ ಅಂತಲೇ ತಿಳಿದಿದ್ದ, ಸಾಯಂಕಾಲ ಮಠದ ಜಗುಲಿಯಲ್ಲಿ ಪದ ಹಾಡುವವನು ಅವನೇ, ಎಡಗೈ ಕಿವಿಗೆ ಇಟ್ಟು, ಕಣ್ಣು ಮುಚ್ಚಿ, ನಾನು ಕಂಬಕ್ಕೆ ಬೆನ್ನು ಕೊಟ್ಟು ಕೂತು ಕೇಳುವವಳು, ಅರ್ಥ ಕೇಳಲಿಲ್ಲ ಯಾವತ್ತೂ, ದನಿ ಏರುವಲ್ಲಿ ಎದೆ ಏರುತ್ತಿತ್ತು, ಇಳಿಯುವಲ್ಲಿ ಇಳಿಯುತ್ತಿತ್ತು, ಹೇಳುವವರು ಹೇಳುತ್ತಾರೆ, ನಾನು ಕೇಳುವವಳು, ಹಾಗೇ ಬೆಳೆದೆ, ಡಾಕ್ಟರು ಹೇಳಿದಾಗಲೂ ಹಾಗೇ ಕೇಳಿದೆ, ಕೇಳಿ ಬಂದೆ — ಅಪ್ಪ ಅಂಗೈ ಮೇಲೆ ಲಿಂಗ ಇಟ್ಟು, ಅಡುಗೆಯನ್ನು ಪಾತ್ರೆ ಸಮೇತ ಅದಕ್ಕೆ ತೋರಿಸಿ, ಇನ್ನು ಇದು ಅನ್ನ ಅಲ್ಲ ವಿಶಾಲೂ, ಪ್ರಸಾದ, ಪ್ರಸಾದದಲ್ಲಿ ಬೇಕು ಬೇಡ ಅಂತ ಇಲ್ಲ, ಕೊನೆಗೆ ಕಾಲು ಲೋಟ ನೀರು ತಟ್ಟೆಗೆ ಹಾಕಿ, ಬೆರಳಲ್ಲಿ ಸುತ್ತ ಒರೆಸಿ, ಎತ್ತಿ ಕುಡಿಯುವುದು, ಆ ನೀರಿನಲ್ಲಿ ಒಂದು ಅಗುಳು ಇರುತ್ತಿತ್ತು, ಯಾವಾಗಲೂ ಒಂದು, ತಟ್ಟೆಯ ಅಂಚು ಹಿಡಿದು ಸುತ್ತುವುದು, ಅಪ್ಪ ತಟ್ಟೆ ಓರೆ ಮಾಡಿದಾಗ ಅದೂ ಹೋಗುವುದು, ಆಮೇಲೆ ನನ್ನ ಕಡೆ ನೋಡುವನು, ನಾನೂ ನನ್ನ ತಟ್ಟೆ ಎತ್ತಬೇಕು, ಏಳು ವರ್ಷದವಳು, ಜ್ವರ, ಅನ್ನ ಬೇಡ, ಆದರೂ ಎತ್ತಿದೆ.

ಅವತ್ತಿನಿಂದ ಬೆಳೆದದ್ದು ಇದು ಅಂತ ಯಾರ ಮೇಲೂ ಹಾಕುವುದಿಲ್ಲ, ತಿಂದ ಬಾಯಿ ನನ್ನದು, ಐವತ್ತಕ್ಕೆ ಮುಂಚೆಯೇ ನೂರ ಹದಿನಾರು ಕೆ.ಜಿ., ಮಂಡಿ ಮಡಿಸಿ ಪೂಜೆಗೆ ಕೂರಲಾಗದೆ ಕುರ್ಚಿಯಲ್ಲಿ ಕೂತು ಲಿಂಗ ಹಿಡಿದೆ, ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ನಾನು ಕೂತರೆ ಪಕ್ಕದವರು ನಿಂತೇ ಬರುತ್ತೇವೆ ಅನ್ನುವರು, ಸಕ್ಕರೆ ಕಾಯಿಲೆ ಬೇರೆ, ಆಗ ಗಗನಾನೇ, ಮಗಳು, ಮೂಡಿಗೆರೆಯಿಂದ ಬಂದು ಇವರನ್ನೂ ನನ್ನನ್ನೂ ಕಾರಿಗೆ ಹತ್ತಿಸಿದಳು, ಒಳಗೆ ಕರೆದುಕೊಂಡು ಹೋಗುವಾಗ ನರ್ಸಮ್ಮ ಕೊರಳಿಂದ ಲಿಂಗದ ಕರಡಿಗೆ ಬಿಚ್ಚಿ ಅಂದಳು, ಮೈಮೇಲೆ ಏನೂ ಇರಬಾರದು ಅಮ್ಮ, ಇವರ ಕೈಗೆ ಕೊಟ್ಟೆ, ಅಂಗಡಿ ಬೀಗದ ಕೈ ಇದ್ದ ಜೇಬಿಗೇ ಇಟ್ಟುಕೊಂಡರು, ಎದ್ದಾಗ ಮೊದಲು ಕೇಳಿದ್ದು ಅದನ್ನೇ, ಕೊಟ್ಟರು, ಮತ್ತೆ ಎದೆಯ ಮೇಲೆ ಬಂತು, ಆದರೆ ಈಗ ಎರಡಾಗಿತ್ತು, ಎದೆಯ ಮೇಲೆ ಒಂದು ದುಂಡು, ಪಕ್ಕೆಯ ಕೆಳಗೆ ಚರ್ಮದ ಒಳಗೆ ಇನ್ನೊಂದು, ಕೋಟಿನ ಗುಂಡಿಯಷ್ಟು, ಅದರೊಳಕ್ಕೆ ಸೂಜಿ ಹಾಕಿ ನೀರು ತುಂಬಿದರೆ ಬಳೆ ಬಿಗಿಯಾಗುತ್ತದೆ, ಪೂಜೆಗೆ ಬಗ್ಗಿದರೆ ಒತ್ತುತ್ತದೆ, ಇಲ್ಲಿದ್ದೇನೆ ಅನ್ನುತ್ತದೆ. ಎರಡು ವರ್ಷ ಚೆನ್ನಾಗಿತ್ತು, ಸುಳ್ಳು ಹೇಳಬಾರದು, ಎಂಬತ್ತನಾಲ್ಕಕ್ಕೆ ಬಂದಿದ್ದೆ, ನೆಲದ ಮೇಲೆ ಮಣೆ ಹಾಕಿ ಕೂತೆ, ಸಾಬೀರಾ ನನ್ನ ಹದಿಮೂರು ರವಿಕೆಗಳನ್ನು ಒಳಕ್ಕೆ ಹಿಡಿದು ಹೊಲಿದು ಕೊಟ್ಟಳು, ನಮ್ಮ ಬಣಕಲ್ಲಿನಲ್ಲಿ ಹೆಂಗಸರ ಮೈ ಗೊತ್ತಿರುವುದು ಅವಳಿಗೆ ಒಬ್ಬಳಿಗೇ, ಅಳತೆ ಟೇಪು ಕೊರಳಿಗೆ ಹಾಕಿಕೊಂಡು ನಕ್ಕಳು, ಅಕ್ಕಾ ಈಗ ಗಗನಾನ ತಂಗಿ ಅಂದ್ರೂ ನಂಬ್ತಾರೆ, ಮನೆಗೆ ಬಂದು ರವಿಕೆ ತಿರುವಿ ನೋಡಿದೆ, ಹೊಲಿಗೆಯ ಒಳಗೆ ಬಟ್ಟೆ ಹಾಗೇ ಇತ್ತು, ಮೂರು ಬೆರಳು, ಕತ್ತರಿಸಿರಲಿಲ್ಲ, ಕೇಳಿದರೆ, ಇರಲಿ ಅಕ್ಕಾ, ಒಳಗಿದ್ರೆ ಯಾರಿಗೆ ಭಾರ.

ಗೊತ್ತಿತ್ತು ಅವಳಿಗೆ. ಹೋದ ವರ್ಷ ಒಂದೊಂದಾಗಿ ಬಿಚ್ಚಿಕೊಟ್ಟಳು, ಹಳೆಯ ಹೊಲಿಗೆಯ ತೂತುಗಳು ಸಾಲಾಗಿ ಬೆನ್ನ ಮೇಲೆ ಕಾಣುತ್ತವೆ — ಈಗ ನೂರ ಎರಡು, ಡಾಕ್ಟರು ಕೇಳಿದರು, ಹೊಟ್ಟೆ ತುಂಬಿತು ಅನಿಸಿದ ಕೂಡಲೇ ನಿಲ್ಲಿಸ್ತಿದ್ರಲ್ಲ, ನಾಲ್ಕು ಚಮಚ, ಅದರ ಮೇಲೆ ಒಂದು ತುತ್ತೂ ಇಲ್ಲ ತಾನೇ, ಇಲ್ಲ ಸರ್, ಅಂದೆ, ಇವರೂ ಪಕ್ಕದಲ್ಲಿ ಕೂತು, ಇಲ್ಲ ಸರ್, ಕೋಳಿ ತಿಂದ ಹಾಗೆ ತಿಂತಾಳೆ, ನಾನೇ ನೋಡಿದೀನಿ, ನೋಡಿದ್ದರು ನಿಜ, ನನ್ನ ತಟ್ಟೆಯಲ್ಲಿ ನಾಲ್ಕೇ ಚಮಚ, ಆದರೆ ಅವರು ಎದ್ದು ಹೋದ ಮೇಲೆ ಅವರ ತಟ್ಟೆ ಯಾರು ನೋಡಿದ್ದಾರೆ, ಜೀಪಿನ ಹಾರ್ನು, ಲೈನ್‌ಮ್ಯಾನಿನ ಫೋನು, ಒಂದು ದಿನ ಪೂರ್ತಿ ಉಂಡವರಲ್ಲ, ಅದೂ ಆ ಪಾತ್ರೆಯದೇ, ಬೆಳಿಗ್ಗೆ ನನ್ನ ಅಂಗೈ ಲಿಂಗಕ್ಕೆ ತೋರಿಸಿದ ಪಾತ್ರೆಯದೇ, ನಾಯಿಗೆ ಹಾಕಮ್ಮ ಅಂತಾಳೆ ಗಗನಾ, ಅವಳಿಗೇನು, ಅವಳು ಫ್ರಿಜ್ಜಿನಲ್ಲಿ ಮೂರು ದಿನ ಇಟ್ಟು ನಾಲ್ಕನೇ ದಿನ ಮುಖ ತಿರುಗಿಸಿಕೊಂಡು ಚೆಲ್ಲುವವಳು, ಕಡಿಮೆ ಮಾಡು, ಅಳೆದು ಮಾಡು, ಅಳೆದೇ ಮಾಡುತ್ತೇನೆ, ಇವರ ಹಸಿವು ಅಳತೆಗೆ ಸಿಗುವುದಿಲ್ಲ, ಹಾಗಾಗಿ ಬಾಗಿಲು ಸ್ವಲ್ಪ ಮುಂದೆ ಮಾಡಿ, ನಿಂತೇ, ಬಚ್ಚಲ ಕಡೆ ಮುಖ ಮಾಡಿ, ಐದನೇ ತುತ್ತು, ಆರನೇದು, ಒಂಬತ್ತನೇದಕ್ಕೆ ಎದೆಯ ನಡುವೆ ಕಲ್ಲು ಕೂತ ಹಾಗೆ, ಬಾಯಲ್ಲಿ ನೊರೆ, ಆದರೂ ತಟ್ಟೆಗೆ ನೀರು ಹಾಕಿ ಎತ್ತಿ ಕುಡಿದು, ಆಮೇಲೆ — ಆಮೇಲೆ ಬಚ್ಚಲಿಗೆ ಬಗ್ಗಿ ಎಲ್ಲ, ಎಲ್ಲ ಹೊರಕ್ಕೆ, ಒಂದು ಅಗುಳು ಸಹ ಚೆಲ್ಲಬಾರದು ಅಂತ ತಿಂದದ್ದನ್ನು ತೂತಿಗೆ ನೀರು ಹೊಯ್ದು ಕಳಿಸುತ್ತೇನೆ, ಇದನ್ನು ಯಾರಿಗೆ ಹೇಳುವುದು, ಡಾಕ್ಟರಿಗೆ ಹೇಳಿದರೆ ಹುಚ್ಚು ಅಂದಾರು, ಸ್ವಾಮಿಗಳಿಗೆ ಹೇಳಿದರೆ ಪಾಪ ಅಂದಾರು, ವಾಂತಿಯಾದ ಮರುದಿನ ಉಪವಾಸ, ಉಪವಾಸದ ಸಂಜೆ ತಲೆ ತಿರುಗಿ, ಕೆಳಗಿನ ಬೇಕರಿಯಿಂದ ಒಂದು ಕಪ್ ಐಸ್‌ಕ್ರೀಂ, ಅದು ಸಲೀಸಾಗಿ ಜಾರುತ್ತದೆ ಬಳೆಯೊಳಗೆ, ಕಲ್ಲಿಲ್ಲ ನೊರೆಯಿಲ್ಲ, ಅದನ್ನು ದೇವರಿಗೆ ತೋರಿಸುವುದಿಲ್ಲ ನಾನು, ತೋರಿಸದ್ದಕ್ಕೆ ಅರ್ಧ ಬಿಡಬಹುದಿತ್ತು, ಬಿಡಲಿಲ್ಲ, ಒಂದೇ ಕಪ್ಪಿಗೆ ನಿಲ್ಲಲೂ ಇಲ್ಲ, ಕಳ್ಳಿ, ದೇವರ ಕಣ್ಣು ತಪ್ಪಿಸಿ ತಿಂದದ್ದೇ ಮೈಗೆ ಹತ್ತಿದ್ದು.

ಒಂದೂ ಐವತ್ತೆರಡು. ಇವರು ನಿನ್ನೆ ಅಂಗಡಿಯ ಕೌಂಟರ್ ಮೇಲೆ ನನಗೆ ಬೈಪಾಸ್ ತೋರಿಸಿದರು, ಅರ್ಧ ಇಂಚಿನ ಪೈಪಿನ ಎರಡು ತುಂಡು, ಒಂದು ಟೀ ಜಾಯಿಂಟು, ನೋಡು ವಿಶಾಲೂ, ಇಲ್ಲಿ ಕಟ್, ಇಲ್ಲಿಂದ ನೇರ ಇಲ್ಲಿಗೆ, ಹಳೇ ಟ್ಯಾಂಕು ಅಲ್ಲೇ ಇರುತ್ತೆ, ನೀರು ಹೋಗಲ್ಲ ಅಷ್ಟೆ, ನಾವು ತೋಟದಲ್ಲಿ ಮಾಡಲ್ವಾ, ಕೆಲಸಕ್ಕಿರುವ ರುದ್ರೇಶ ಪಕ್ಕದಲ್ಲಿ ನಿಂತು ಕೇಳಿದ, ಅಣ್ಣಾ ಜಾಯಿಂಟು ಲೀಕ್ ಆದ್ರೆ, ಇವರು ಅವನ ಕಡೆ ನೋಡಿದ ನೋಟಕ್ಕೆ ಅವನು ಗೋಡೌನಿಗೆ ಹೋದ, ಆದರೆ ಡಾಕ್ಟರು ಹೇಳಿದ್ದೂ ಅದನ್ನೇ, ಹಳೇ ಗಾಯದ ಮೇಲೆ ಹೊಲಿಗೆ ಅಮ್ಮ, ಮೊದಲನೇ ಸಲದಷ್ಟು ಸಲೀಸಲ್ಲ, ಸೋರಬಹುದು, ಸೋರಿದರೆ ಮತ್ತೆ ತೆರೆಯಬೇಕು, ಸಾಬೀರಾ ಕೂಡ ಹೇಳುತ್ತಾಳೆ ಮೂರನೇ ಸಲ ಹೊಲಿದರೆ ದಾರವೇ ಬಟ್ಟೆಯನ್ನು ತಿನ್ನುತ್ತದೆ ಅಂತ, ಹೆದರಿಕೆ ಅದಲ್ಲ, ಸೋರಿದರೆ ಸೋರಲಿ, ಶಿವನ ಇಷ್ಟ, ಹೆದರಿಕೆ ಸೋರದೇ ಹೋದರೆ, ಎಲ್ಲ ಸರಿಯಾಗಿ ಮನೆಗೆ ಬಂದು, ಇದೇ ಮೇಜು, ಇದೇ ಹಾರ್ನು, ಇದೇ ತಟ್ಟೆ, ಬೈಪಾಸ್ ಆದ ಮೇಲೆ ಐದನೇ ತುತ್ತಿಗೆ ಬೆವರಿ ಬೀಳ್ತೀರಿ ಅಂತ ಡಾಕ್ಟರು ಹೇಳಿದ್ದಾರೆ ಆಗಲೇ, ಬಿದ್ದರೂ ಕೈ ನಿಲ್ಲುತ್ತದೆಯಾ — ಬೇಡ ಅಂದರೆ, ಬಳೆ ತೆಗೆದು ಸುಮ್ಮನೆ ಬಂದರೆ, ಮತ್ತೆ ನೂರ ಹದಿನಾರು, ಮತ್ತೆ ಕುರ್ಚಿ, ಸಕ್ಕರೆ ಏರಿದರೆ ಕಾಲಿನ ಹುಣ್ಣು ಮಾಯುವುದಿಲ್ಲ, ಪಕ್ಕದ ಮನೆ ಸಿದ್ದಗಂಗಮ್ಮನಿಗೆ ಹಾಗೇ ಬೆರಳು ತೆಗೆದರು, ಆಮೇಲೆ ಪಾದ, ಗಗನಾ ಬೆಳಿಗ್ಗೆ ಫೋನಲ್ಲಿ ಅತ್ತಳು, ಎಂಥ ಯೋಚನೆ ಅಮ್ಮ ಇನ್ನೂ, ಹೂಂ ಅನ್ನು, ನನಗೋಸ್ಕರ ಅನ್ನು, ಆಮೇಲೆ, ಆಸ್ಪತ್ರೆಯವರ ಹತ್ರ ಏನನ್ನೂ ಮುಚ್ಚಿಡಬೇಡ ಅಮ್ಮ, ನೀನು ಏನೋ ಮುಚ್ಚಿಡ್ತೀಯ. ನಾಲಿಗೆ ತುದಿಗೆ ಬಂದಿತ್ತು. ಕುಕ್ಕರ್ ಕೂಗಿತು, ಇಡ್ತೀನಿ ಮಗಾ ಅಂದೆ.

ಫೋನು. ಆಗಲೇ. ಕೈ ಒರೆಸಿಕೊಂಡೆ, ಒದ್ದೆಯೇನೂ ಇರಲಿಲ್ಲ, ಹೆಣ್ಣು ದನಿ, ಆಸ್ಪತ್ರೆಯಲ್ಲಿ ಊಟದ ಪಟ್ಟಿ ಬರೆದುಕೊಡುವ ಹುಡುಗಿಯದು, ನಮಸ್ತೆ ವಿಶಾಲಾಕ್ಷಮ್ಮನವರಾ, ಊಟ ಆಯ್ತಾ, ಕೇಳಿ ತಾನೇ ನಕ್ಕಳು, ಅಯ್ಯೋ ಅಭ್ಯಾಸ ಅಮ್ಮ, ನಾನೂ ನಕ್ಕೆ, ಬುಧವಾರದ್ದು ಏನು ತೀರ್ಮಾನ ಮಾಡಿದ್ರಿ, ಕಿಟಕಿಯ ಆಚೆ ಬಿಳಿ ಬೆಟ್ಟ, ತೋಟದ ಮೇಲೆ ತೋಟ, ಹೂಂ, ಅಂದೆ, ಎರಡೂನಾ, ಎರಡೂ, ಅಷ್ಟು ಸುಲಭ, ಬರೆದುಕೊಂಡಳು, ಪೆನ್ನಿನ ಸದ್ದೂ ಕೇಳಿಸಿತು ಅನಿಸಿತು, ಕೊನೇದು ಒಂದು ಅಮ್ಮ, ಎಲ್ಲರನ್ನೂ ಕೇಳ್ತೇವೆ, ಸಾಕು ಅನಿಸಿದ ಮೇಲೆ ತಟ್ಟೆಯಲ್ಲಿ ಬಿಟ್ಟು ಏಳೋದಕ್ಕೆ ನಿಮಗೆ ಬರುತ್ತಲ್ಲ — ಈಗ, ಈಗ ಹೇಳು, ಗಗನಾ ಹೇಳಿದಳಲ್ಲ, ಹೇಳು, ಬರುವುದಿಲ್ಲ ಮಗಾ, ನನ್ನದರಲ್ಲಿ ಬಿಡಬಹುದು, ಇವರದರಲ್ಲಿ ಬರುವುದಿಲ್ಲ, ನಮ್ಮಪ್ಪ ನೋಡುತ್ತಾನೆ — ಬರುತ್ತೆ, ಅಂದೆ. ಎಂಟು ವರ್ಷದ ಹಿಂದೆ, ಬಳೆ ಹಾಕುವ ಮುಂಚೆ ಇದನ್ನೇ ಕೇಳಿದಾಗ ಅಂದ ಅದೇ ದನಿಯಲ್ಲಿ. ಒಳ್ಳೇದಮ್ಮ, ನಾಳೆ ಸಂಜೆ ಬಂದು ಅಡ್ಮಿಟ್ ಆಗಿ.

ಬರುತ್ತದೆ, ಯಾಕೆ ಬರಬಾರದು, ನೋಡೇ ಬಿಡುತ್ತೇನೆ, ಇವರ ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಬಂದೆ, ಚಮಚದಲ್ಲಿ ತಳ್ಳಿದೆ, ಅನ್ನ, ಸಾರು, ಪಲ್ಯ, ಕಸದ ಬಕೆಟ್ಟಿಗೆ ಧೊಪ್ಪನೆ ಬಿತ್ತು, ಏನೂ ಆಗಲಿಲ್ಲ, ಸಿಡಿಲು ಬೀಳಲಿಲ್ಲ, ಕೆಳಗೆ ಇವರು ಕಳಸದವನ ಹತ್ತಿರ ನಗುತ್ತಿದ್ದಾರೆ, ಎದೆಯ ಮೇಲಿನದು ಸುಮ್ಮನಿದೆ, ಪಕ್ಕೆಯೊಳಗಿನದು ಸುಮ್ಮನಿದೆ, ಇಷ್ಟೇನಾ, ಎಂಟು ವರ್ಷ ಇದಕ್ಕಾ, ಕಾಲು ಲೋಟ ನೀರು ಹಾಕಿದೆ, ಬರೀ ತೊಳೆಯಲಿಕ್ಕೆ, ಬೆರಳು ಸುತ್ತ ಒರೆಸಿತು, ಇನ್ನು ಚೆಲ್ಲಿದರೆ ಮುಗಿಯಿತು, ಓರೆ ಮಾಡಿದರೆ ಸಾಕು — ಒಂದು ಅಗುಳು. ಎಲ್ಲಿತ್ತೋ, ಅಂಚು ಹಿಡಿದು ಸುತ್ತುತ್ತಿದೆ, ಬೆಳ್ಳಗೆ, ಕಾಫಿ ಹೂವಿನ ಹಾಗೆ, ಜಗುಲಿಯಲ್ಲಿ ಅಪ್ಪ ಕಣ್ಣು ತೆರೆದು, ಇನ್ನು ಇದು ಅನ್ನ ಅಲ್ಲ ವಿಶಾಲೂ, ಗಂಜಿಯ ತಿಳಿ ಬಿಟ್ಟು ಏನೂ ಬೇಡ ಅಮ್ಮ, ಬರುತ್ತೆ ಅಂದೆನಲ್ಲ, ಈಗ ತಾನೇ ಅಂದೆನಲ್ಲ, ಬಚ್ಚಲ ಕಡೆಗೆ ಓರೆ ಮಾಡಬೇಕಾದ ತಟ್ಟೆ ಈ ಕಡೆಗೆ, ತುಟಿಗೆ ಸ್ಟೀಲಿನ ಅಂಚು ತಣ್ಣಗೆ, ನೀರು ನಿಂತಿತು, ಅದು ನಿಲ್ಲಲಿಲ್ಲ, ಸುತ್ತುತ್ತಿದೆ, ಒಂದು ಅಗುಳು, ಒಂದೇ —

ಒಂದು ಅಗುಳು.