ಬೆಂಕಿರೇಖೆಯ ಬಾಗು

ಫಾಲ್ಗುಣದ ಬಿಸಿಲು ತೇಗದ ಎಲೆಗಳನ್ನೆಲ್ಲ ನೆಲಕ್ಕಿಳಿಸಿ, ಚಿಯಾಂಗ್ ಮಾಯ್ ನಗರದ ನೆತ್ತಿಯ ಮೇಲೆ ನಿಂತ ನಮ್ಮ ಪರ್ವತಶ್ರೇಣಿಯನ್ನು ಸುವರ್ಣಧೂಸರವಾದ ವಿಷಾದದಲ್ಲಿ ಮುಳುಗಿಸುವ ಆ ದಿನಗಳು... ಮಳೆಗೆ ಇನ್ನೂ ಎರಡು ತಿಂಗಳು! ಒಂದು ಕಿಡಿ ಬಿದ್ದರೆ ಸಾಕು, ಕಾಡಿಗೆ ಕಾಡೇ ಹೊತ್ತಿ, ಕೆಳಗಿನ ನಗರದ ಕಣ್ಣಲ್ಲೂ ನೀರು ತರಿಸುವ ಋತುವದು. ಆಗ ಕರೆನ್ ಎಂಬ ಬೆಟ್ಟದ ಬುಡಕಟ್ಟಿನ ಜನರಾದ ನಾವು, ಗುಡ್ಡದ ಈಚೆಯಿಂದ ನಮ್ಮೂರು, ಆಚೆಯಿಂದ ಪಕ್ಕದೂರು, ಬಿದಿರ ಪೊರಕೆ ಹಿಡಿದು ತರಗೆಲೆ ಗುಡಿಸಿ, ಬರಿಮಣ್ಣಿನ ಬೆಂಕಿರೇಖೆಯೊಂದನ್ನು ಕಾಡಿಗೆ ಬೈತಲೆಯಂತೆ ತೆಗೆಯುತ್ತೇವೆ.

ನಮ್ಮೂರಿನ ಕೊನೆಯಲ್ಲಿ ಆ ರೇಖೆ ಒಂದು ಹೆಮ್ಮರವನ್ನು ಒಳಗೆ ಸೇರಿಸಿಕೊಳ್ಳಲೆಂದೇ ಬಾಗುತ್ತಿತ್ತು. ನಮ್ಮೂರ ಹುಡುಗ ಚೀವಾ ಹುಟ್ಟಿದಾಗ ಅವನ ಹೊಕ್ಕುಳಬಳ್ಳಿಯನ್ನು ಬಿದಿರ ಕೊಳವೆಯಲ್ಲಿಟ್ಟು ಕಟ್ಟಿದ ಮರವದು. ಅವನ ಉಸಿರು ಅದರಲ್ಲಿದೆ, ಮರ ಹೋದರೆ ಅವನಿಗೂ ಕೇಡು ಎಂಬುದು ನಮ್ಮ ನಂಬಿಕೆ. ಚೀವಾ ಮಾತ್ರ ಊರಲ್ಲಿಲ್ಲ. ಹೆಣ್ಣಿನ ಮನೆಯವರೇ ಹೋಗಿ ಗಂಡನ್ನು ಕೇಳಬೇಕು, ಕೇಳಿದವರ ಮನೆಗೆ ಅವನು ಹೋಗಿ ನೆಲೆಸಬೇಕು. ಇದು ನಮ್ಮ ಪದ್ಧತಿ. ಅವನಲ್ಲೇ ಜೀವವಿಟ್ಟುಕೊಂಡಿದ್ದ ಮೂಪೋ ನಾಚಿಕೆಯಿಂದ, ಸುಗ್ಗಿ ಮುಗಿಯಲಿ ಎಂದು ಸುಮ್ಮನಿದ್ದಳು, ಪಾಪ, ಹುಚ್ಚಿ! ಸುಗ್ಗಿ ಮುಗಿದ ಮರುದಿನವೇ ಆಚೆ ಊರಿನವರು ಬಂದು ಅವನನ್ನು ಕೇಳಿಬಿಟ್ಟರು, ಅವನು ಹೋದ. ಹನ್ನೆರಡು ವರ್ಷಗಳಾದವು, ಮೂಪೋ ಇನ್ನೂ ಮದುವೆಯಾಗದವರ ಬಿಳಿ ನಿಲುವಂಗಿಯಲ್ಲೇ ಇದ್ದಾಳೆ.

ಈ ವರ್ಷ ಗುಡಿಸುವ ಕೈಗಳು ಕಡಿಮೆ. ಊರ ಹಿರಿಯ ಪಾತಿ ಲೂ ಸಭೆಯಲ್ಲಿ ಹೇಳಿದ: "ಈ ಸಲ ಗೆರೆ ನೆಟ್ಟಗೆ ಎಳೆಯೋಣ. ಒಂದು ಮರಕ್ಕೋಸ್ಕರ ಮೂರು ದಿನದ ಕೆಲಸ ಯಾರಪ್ಪ ಮಾಡ್ತಾರೆ? ಅವನೇನು, ಬೇರೆ ಊರಿಗೆ ಹೋದೋನು."

ಮರ ಬೆಂಕಿಯ ಪಾಲಿಗೆ! ಮೂಪೋ ಎದ್ದು ನಿಂತಳು.

"ಆ ಮರ ನನಗೆ ಕೊಡಿ, ಪಾತಿ. ನಾನು ಕೇಳ್ತಾ ಇದೀನಿ."

"ಅಂತೂ ಬಾಯಿ ಬಿಟ್ಟಳಪ್ಪ ನಮ್ಮ ಹುಡುಗಿ! ಹನ್ನೆರಡೇ ವರ್ಷ ತಡ," ಎಂದಳು ಅವಳ ಚಿಕ್ಕಮ್ಮ. ಸಭೆಯೆಲ್ಲ ನಕ್ಕಿತು. ಪಾತಿ ಲೂ ನಗಲಿಲ್ಲ.

"ತಗೋ ತಾಯಿ. ಆದ್ರೆ ಗುಡಿಸೋದೂ ನೀನೇ."

ಎರಡು ದಿನ ಅವಳೊಬ್ಬಳೇ ಗುಡಿಸಿದಳು. ಮೂರನೆಯ ದಿನ ಆಚೆ ಬದಿಯಿಂದ ಇನ್ನೊಂದು ಪೊರಕೆಯ ಸದ್ದು ಕೇಳಿಸಿತು... ಚೀವಾ! ಕಿವಿಯ ಬಳಿ ನರೆತಿದ್ದ.

"ಒಬ್ಬಳೇ ಯಾಕೆ?"

"ನಿನ್ನ ಮರ. ಊರಲ್ಲಿ ಕೇಳಿ ಇಸ್ಕೊಂಡೆ."

ಅವನು ಪೊರಕೆಗೆ ಸಿಕ್ಕಿಕೊಂಡ ಎಲೆಗಳನ್ನು ಕೊಡವಿದ. "ಆ ವರ್ಷ ಸುಗ್ಗಿ ಪೂರ್ತಿ ಕಾದೆ, ಮೂಪೋ. ನಿಮ್ಮೋರು ಬರ್ತಾರೆ ಅಂತ ನಮ್ಮಮ್ಮ ದಿನಾ ಸಂಜೆ ಚಾಪೆ ಹಾಸಿಡ್ತಿದ್ಲು."

ಮೂಪೋ ಅತ್ತಳು, ಅಳುತ್ತಲೇ ಗುಡಿಸಿದಳು. ಅವನೂ ಆಚೆಯಿಂದ ಗುಡಿಸುತ್ತ ಬಂದ. ಎರಡು ಗೆರೆಗಳೂ ಮರದಾಚೆ ಕೂಡಿದಾಗ, ಅವನು ತೊಗಟೆಯನ್ನೊಮ್ಮೆ ಮುಟ್ಟಿ, ತನ್ನ ಹೆಂಡತಿ ಮಕ್ಕಳಿದ್ದ ಕಣಿವೆಗೆ ಇಳಿದುಹೋದ.

ಹತ್ತನೆಯ ದಿನ ಬೆಂಕಿ ಬಂತು. ರೇಖೆಯ ಬಾಗಿನವರೆಗೂ ಬಂದು, ತಿನ್ನಲು ಒಂದೆಲೆಯೂ ಸಿಗದೆ ಸತ್ತಿತು.

ಸಹೃದಯರೇ, ತಡವಾಗಿ ಕೇಳಿದ ಮೂಪೋಗೆ ದಕ್ಕಿದ್ದು ಒಂದು ಉಸಿರಿನ ನೆರಳಷ್ಟೆ! ಮಳೆ ಬರುವ ತನಕ ಆ ನೆರಳಿನ ಸುತ್ತ ಬಿದ್ದ ಎಲೆಗಳನ್ನು ಅವಳು ದಿನವೂ ಗುಡಿಸುತ್ತಾಳೆ. ಮರುದಿನ ಮತ್ತೆ ಬೀಳುತ್ತವೆ. ಹಂಬಲವೆಂಬುದೂ ಹಾಗೆಯೇ ಅಲ್ಲವೇ... ಗುಡಿಸಿದಷ್ಟೂ ಉದುರುತ್ತದೆ, ಆದರೂ ಆ ಕೈಗಳಿಗೆ ಬೇಸರವೆಂಬುದಿಲ್ಲ.