ಕೆರೆಯ ಮೆಲುಕು

“ಏ ಮ್ಹಾತಾರೆ, ಏ ಮುದುಕಿ, ಹಿಂದಕ್ಕ ತಗಿ ನಿನ್ನ ಹೊಲಸು ಕುರಿ! ಹಲ್ಕಟ್ ಮಂದಿ, ಕೆರಿಗಿ ವಿಷ ಹಾಕ್ತೀರಿ!”

ಏರಿಯ ಮೇಲೆ ನಿಂತು ಶೈಲೇಶ ಪಾಟೀಲರು ಒದರುತ್ತಿದ್ದರು. ಮುದುಕಿ ಮಲಕಮ್ಮ ದಂಡೆಯಲ್ಲಿ ಹಿಂಡಿನ ಮುಂದೆ ನಿಂತಿದ್ದಳು. ಉಣ್ಣೆ ಕತ್ತರಿಸುವ ಮೊದಲು ಕುರಿ ತೊಳೆಯಬೇಕು. ತೊಳೆಯದ ಉಣ್ಣೆಯನ್ನು ಯಾರೂ ಮುಟ್ಟುವುದಿಲ್ಲ. ಜಳಕೋಟದ ದಾರಿಯ ಈ ಕೆರೆ ಬಿಟ್ಟರೆ ಅಷ್ಟು ನೀರು ಸುತ್ತಮುತ್ತ ಎಲ್ಲೂ ಇರಲಿಲ್ಲ.

ಪಾಟೀಲರ ಪಕ್ಕದಲ್ಲಿ ತಾಲೂಕು ಕಚೇರಿಯ ಉಮಾಕಾಂತ ಸಾಹೇಬರು ನೋಟೀಸು ಓದಿದರು. ಸರ್ಕಾರ ಎಂದೋ ಬಂದ್ ಮಾಡಿದ ಕೀಟನಾಶಕ ಪುಡಿ ಕೆರೆಯಲ್ಲಿ ಸಿಕ್ಕಿದೆ. ಕುರಿಗೆ ಹಚ್ಚಿ ತೊಳೆದದ್ದರಿಂದಲೇ ಬಂದದ್ದು. ಇನ್ನು ಮುಂದೆ ಕುರಿ ನೀರಿಗಿಳಿಯಬಾರದು.

“ಆ ಪುಡಿ ನಮ್ಮ ಮನಿಗಿ ಎಂದೂ ಬಂದಿಲ್ರಿ ಸಾಹೇಬ್ರ. ಈ ಪಾಟೀಲ್ರ ಅಪ್ಪನ ಗೋದಾಮಿನ್ಯಾಗ ಚೀಲಗಟ್ಟಲೆ ಇತ್ತು. ಬಂದ್ ಆದಾಗ ಬಂಡಿ ತುಂಬಿ ಇಲ್ಲೇ ಮುಳುಗಿಸ್ಯಾರ. ನನ್ನ ಹಿರೇಮಗ ಆಗ ತೊಟ್ಟಿಲದಾಗಿದ್ದ. ಕಣ್ಣಾರೆ ನೋಡೀನಿ.”

“ಬಾಯಿ ಮುಚ್ಚ, ಬೋಸುಡಿ! ಅಷ್ಟು ವರ್ಷದ್ದು ಇನ್ನಾ ಇರ್ತದೇನು?”

“ಇರ್ತದ್ರಿ ಮಾಲಕ್ರೆ. ಕೆರಿ ಮೆಲುಕು ಹಾಕ್ತದ.”

ಸಾಹೇಬರು ನಕ್ಕರು. ಮಲಕಮ್ಮ ಮೊಮ್ಮಕ್ಕಳಿಗೆ ಕಥೆ ಹೇಳುವವಳಂತೆ ಬಿಡಿಸಿ ಹೇಳಿದಳು. ಹೋದ ವರ್ಷ ಉದಗೀರದ ಕಾಲೇಜಿನಿಂದ ಪೂನಮ ಎಂಬ ಹುಡುಗಿ ಬಂದು, ಏರಿಯ ಕಂಬಕ್ಕೆ ಡಬ್ಬಿಯಲ್ಲಿ ಸ್ಪಂಜು ಕಟ್ಟಿದ್ದಳು. ತಳ ಸೇರಿದ ವಿಷ ವರ್ಷಗಟ್ಟಲೆ ಹಾಳಾಗುವುದಿಲ್ಲ, ಚಳಿಯಲ್ಲಿ ಗಾಳಿಯೊಳಗಿನ ವಿಷವನ್ನೂ ಕೆರೆ ನುಂಗುತ್ತದೆ, ಬಿಸಿಲಲ್ಲಿ ತಿರುಗಿ ಗಾಳಿಗೆ ಬಿಡುತ್ತದೆ, ಅದನ್ನು ಸ್ಪಂಜು ಹಿಡಿಯುತ್ತದೆ ಎಂದಿದ್ದಳು.

“ನಮ್ಮ ಕುರಿ ನುಂಗಿದ್ದು ತಿರುಗಿ ಬಾಯಿಗಿ ತರ್ತದಲ್ರಿ, ಹಂಗ.”

“ವಿಷಕ್ಕ ರೆಕ್ಕಿ ಬಂದಾವೇನ?” ಪಾಟೀಲರು ಹೊಟ್ಟೆ ಹಿಡಿದು ನಕ್ಕರು. “ಗಾಳ್ಯಾಗ ಏನೂ ಇಲ್ಲ. ಬರಕೋರಿ ಸಾಹೇಬ್ರ.”

“ಹೂಂ, ಬರಕೋರಿ,” ಎಂದಳು ಮಲಕಮ್ಮನೂ.

ಸಾಹೇಬರು ಬರೆದುಕೊಂಡರು.

ಪೂನಮ ಸ್ಪಂಜು ಒಯ್ದ ಮೇಲೆ ಅದೇ ಕಂಬಕ್ಕೆ ಮಲಕಮ್ಮ ಒಂದು ಹೊಸ ಕಂಬಳಿ ಹಾಕಿದ್ದಳು. ಇಡೀ ಬೇಸಿಗೆ ಅದು ಕೆರೆಯ ಗಾಳಿ ಕುಡಿದಿತ್ತು. ಹನಿ ನೀರು ಸೋಕಿರಲಿಲ್ಲ. ಈಗ ಅದನ್ನಿಳಿಸಿ, ನಾಲ್ಕು ಮಡಿಕೆ ಮಾಡಿ ಏರಿಯ ಮೇಲೆ ಹಾಸಿದಳು. ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಭಂಡಾರದ ಅರಿಸಿನ ಹಾಕಿ ಕೈ ಮುಗಿದಳು.

“ಬೀರಪ್ಪನ ಗದ್ದಿಗಿ ಹಾಸೀನ್ರಿ ಮಾಲಕ್ರೆ. ಇದರ ಮ್ಯಾಗ ಕೂತು, ನಮ್ಮಪ್ಪ ಪುಡಿ ಹಾಕಿಲ್ಲ ಅನ್ರಿ. ಈಗಿಂದೀಗ ಕುರಿ ಹೊಡಕೊಂಡು ಹೋಗ್ತೀನಿ.”

ಕುರುಬರ ದೇವರು ಬೀರಪ್ಪನ ಹೆಸರಲ್ಲಿ ಹಾಸಿದ ಕಂಬಳಿಯನ್ನು ಆ ಸೀಮೆಯಲ್ಲಿ ಯಾರೂ ಬೇಡವೆನ್ನುವುದಿಲ್ಲ. ಪಾಟೀಲರು ಪ್ಯಾಂಟು ಎತ್ತಿಕೊಂಡು ಬಗ್ಗಿದರು. ಅರ್ಧಕ್ಕೇ ನಿಂತರು. ಅತ್ತ ಕೂತದ್ದೂ ಅಲ್ಲ, ಇತ್ತ ನಿಂತದ್ದೂ ಅಲ್ಲ. ಮೂಗಿನ ಹೊಳ್ಳೆಗಳು ಅರಳಿದವು.

“ಥೂ! ಇದರಾಗ ಪುಡಿ ವಾಸನಿ ಅದ!”

“ಆ ಪುಡಿ ಬಂದ್ ಆಗಿ ಮೂವತ್ತು ವರ್ಷದ ಮ್ಯಾಲಾತು,” ಎಂದಳು ಮಲಕಮ್ಮ ಮೆಲ್ಲಗೆ. “ಅದರ ವಾಸನಿ ನಿಮಗ ಹೆಂಗ ಗೊತ್ತ್ರಿ?”

ಸಾಹೇಬರ ಪೆನ್ನು ನಿಂತಿತು. ಆಮೇಲೆ ಕೆಮ್ಮಿ, ನೋಟೀಸು ಚಾಚಿ ಹೆಬ್ಬೆಟ್ಟಿನ ಜಾಗ ತೋರಿಸಿದರು. “ಅಜ್ಜಿ, ಆದೇಶ ಆಗಿಬಿಟ್ಟದ. ಅಂಗೂಠಾ ಒತ್ತು.”

“ಕೆರಿಗಿ ಕೊಡ್ರಿ ಅದು. ಮೆಲುಕು ಹಾಕಬ್ಯಾಡ ಅಂತ ಹೇಳ್ರಿ.”

ಅವಳು ನಾಲಿಗೆ ಲೊಚಗುಟ್ಟಿದಳು. ಮುಂದಿನ ಟಗರು ನೀರಿಗಿಳಿಯಿತು. ತಲೆ ತಗ್ಗಿಸಿ ಹಿಂಡೆಲ್ಲ ಹಿಂದೆ ಹೋಯಿತು. ಸೀರೆ ಎತ್ತಿ ಕಟ್ಟಿ ಮಲಕಮ್ಮನೂ ಸೊಂಟದವರೆಗೆ ಇಳಿದಳು. ಬಿಸಿಲು ನೆತ್ತಿಗೇರಿತ್ತು. ಕೆರೆಯ ಮೇಲಿಂದ ಬೆಚ್ಚನೆಯ ಗಾಳಿ ಎದ್ದು ಬಂತು. ಪಾಟೀಲರು ಮೂಗಿಗೆ ಟವೆಲ್ ಒತ್ತಿಕೊಂಡರು.

“ಮೂಗ್ಯಾಕ ಮುಚ್ಚೀರಿ ಮಾಲಕ್ರೆ?” ನೀರಿನಿಂದ ಕೂಗಿದಳು ಮಲಕಮ್ಮ. “ಗಾಳ್ಯಾಗ ಏನೂ ಇಲ್ಲಂತ ಬರದದಲ್ಲ!”